ಆವ್ಗ ಅಂದರೆ ನೀರು

ಹೆಂಗಸರ ವಾರ್ಡಿನ ಕೊನೆಯ ಮಂಚದ ಬಳಿ ಒಬ್ಬ ಗಂಡಸು ನಿಂತಿದ್ದ. ಒಂದು ಕೈಯಲ್ಲಿ ನೀರಿನ ಲೋಟ. ಇನ್ನೊಂದು ಕೈಯಿಂದ ಅವನು ಸಿಸ್ಟರ್ ಕಾರ್ಮೆಯ ತಲೆಯನ್ನು ತುಸು ಎತ್ತಿ ಹಿಡಿದಿದ್ದ. ಬಾಗಿಲಿನಿಂದಲೇ ಅದನ್ನು ಕಂಡ ನರ್ಸ್ ಝೀಟಾ ಕೈಯಲ್ಲಿದ್ದ ಟ್ರೇಯನ್ನು ಆಯಾ ಸರಸಳ ಕೈಗೆ ತುರುಕಿ ಓಡಿದಳು.

"ಎಂತ ಮಾಡ್ತಾ ಇದ್ದೀರಿ ನೀವು? ಯಾರು ಒಳಗೆ ಬಿಟ್ಟದ್ದು? ನೀರು ಶ್ವಾಸಕ್ಕೆ ಹೋದರೆ ಏನಾಗ್ತದೆ ಗೊತ್ತುಂಟಾ?"

"ಶ್ವಾಸಕ್ಕೆ ಹೋಗ್ತಾ ಇಲ್ಲ, ಹೊಟ್ಟೆಗೆ ಹೋಗ್ತಾ ಉಂಟು. ನೋಡಿ."

ಝೀಟಾ ನೋಡಿದಳು. ಸಿಸ್ಟರ್ ಕಾರ್ಮೆ ಕಣ್ಣು ಮುಚ್ಚಿಕೊಂಡು, ಗುಟುಕು ಗುಟುಕಾಗಿ, ಮಗುವಿನ ಹಾಗೆ ಕುಡಿಯುತ್ತಿದ್ದರು. ಒಂಬತ್ತು ದಿನಗಳಿಂದ ಯಾರು ಏನು ಕೊಟ್ಟರೂ ತುಟಿ ಬಿಗಿದುಕೊಂಡು ಡ್ರಿಪ್ಪಿನಲ್ಲೇ ಇದ್ದವರು.

"ಅವರು ಕೇಳಿದ್ದು ನೀರು," ಎಂದ ಆತ. "ಆವ್ಗ ಅಂದರೆ ನೀರು. ಅವರ ಮಾತಲ್ಲೇ ಹೇಳಿ ಕೊಟ್ಟೆ."

ಝೀಟಾಳ ಮುಖ ಬಿಸಿಯಾಯಿತು. ಸಿಸ್ಟರ್ "ಆವ್ಗ, ಆವ್ಗ" ಎಂದು ಹಲುಬುತ್ತಿದ್ದುದನ್ನು ಕೇಳಿ, ಅವರು ಸಿಸ್ಟರ್ ಆಗಾತಳನ್ನು ಕರೆಯುತ್ತಿದ್ದಾರೆಂದು ಎಲ್ಲರೂ ತಿಳಿದಿದ್ದರು. ಆ ಪಾಪದ ಆಗಾತ ಇನ್ನೊಂದು ಕಾನ್ವೆಂಟಿನಿಂದ ಬಸ್ಸು ಹತ್ತಿ ಬಂದು, ಎರಡು ದಿನ ಕೈಹಿಡಿದು ಕೂತು ಹೋಗಿದ್ದಳು.

ಅದು ೧೯೭೯ರ ಜನವರಿ. ಕಾರ್ಕಳದ ಹೊರಗಿನ ಆ ಪುಟ್ಟ ಕಾನ್ವೆಂಟ್ ಆಸ್ಪತ್ರೆಯಲ್ಲಿ ಇಪ್ಪತ್ತು ಮಂಚಗಳಿದ್ದವು. ಸಿಸ್ಟರ್ ಕಾರ್ಮೆ ನಲವತ್ತು ವರ್ಷಗಳ ಹಿಂದೆ ಸ್ಪೇನ್‌ನಿಂದ ಬಂದು ಅದನ್ನು ಕಟ್ಟಿದವರು. ಸುತ್ತಲಿನ ಊರುಗಳ ಅರ್ಧದಷ್ಟು ಹೆರಿಗೆಗಳು ಅವರ ಕೈಯಲ್ಲೇ ಆದವು. ಕೊಂಕಣಿ, ತುಳು ಎರಡನ್ನೂ ಇಲ್ಲಿ ಹುಟ್ಟಿದವರ ಹಾಗೆ ಆಡುತ್ತಿದ್ದರು. ಕ್ರಿಸ್ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ ಸೋತಿತು. ಆಡುತ್ತಿದ್ದ ಭಾಷೆಗಳೆಲ್ಲ ಅಳಿಸಿಹೋದವು. ಉಳಿದದ್ದು ಬಾಲ್ಯದ ಮಾತು ಒಂದೇ. ಅದು ಇಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಆತನ ಹೆಸರು ಆಲ್ಫೋನ್ಸ್. ಉದ್ಯಾವರದವನು, ಹಡಗಿನಲ್ಲಿ ಊಟ, ಪಾನೀಯ ಬಡಿಸುವ ಸ್ಟೀವರ್ಡ್. ಆರು ತಿಂಗಳ ರಜೆಯಲ್ಲಿ ಬಂದವನು ತಾಯಿ ಆಂಜೆಲಾಬಾಯಿಯ ಹರ್ನಿಯಾ ಆಪರೇಷನ್ನಿಗೆಂದು ಇಲ್ಲಿಗೆ ಕರೆತಂದಿದ್ದ. ಸಿಸ್ಟರ್ ಕಾರ್ಮೆ ಇರುವ ಆಸ್ಪತ್ರೆಯೇ ಆಗಬೇಕೆಂದು ತಾಯಿಯ ಹಟ. ಆಲ್ಫೋನ್ಸನನ್ನು ಈ ಲೋಕಕ್ಕೆ ಎಳೆದು ತಂದದ್ದು ಆ ಸಿಸ್ಟರೇ.

"ಸ್ಪೇನಿನ ಒಂದು ಮೂಲೆಯಲ್ಲಿ ಗಲೀಷಿಯಾ ಅಂತ ಸೀಮೆ ಉಂಟು," ಎಂದ ಅವನು, ವರಾಂಡದ ಬೆಂಚಿನಲ್ಲಿ ಕೂತು. "ಅಲ್ಲಿಯವರ ಮನೆಮಾತು ಸ್ಪಾನಿಷ್ ಅಲ್ಲ, ಗಲೀಷಿಯನ್. ನಮ್ಮ ಹಡಗು ಅಲ್ಲಿಯ ವೀಗೊ ಬಂದರಿಗೆ ಹೋಗ್ತಿತ್ತು. ಹಡಗಿನಲ್ಲಿ ಅರ್ಧ ಜನ ಅವರೇ. ನನಗೆ ಕುಡಿಯುವ ವಸ್ತುಗಳ ಹೆಸರು ಮಾತ್ರ ಗೊತ್ತು. ಸ್ಟೀವರ್ಡನ ಹತ್ತಿರ ಯಾರು ಬೇರೆ ಎಂತ ಕೇಳ್ತಾರೆ?"

"ಅಷ್ಟೇ ಸಾಕು ನನಗೆ. ನೀವು ಹೋದ ಮೇಲೆ ಕುಡಿಸಬೇಕಾದವಳು ನಾನು. ಹೇಳಿ, ಬರ್ಕೊಳ್ತೇನೆ."

ಜ್ವರದ ಚಾರ್ಟಿನ ಹಿಂಬದಿಯಲ್ಲಿ ಅವಳು ಬರೆದಳು. ನೀರು, ಆವ್ಗ. ಹಾಲು, ಲೇಯ್ತೆ. ಕಾಫಿ, ಕಫೆ. ಚಾ, ತೆ. ಹಣ್ಣಿನ ರಸ, ಸೂಮೆ. ಬಿಸಿ ಎನ್ನಲು ಕೆಂತೆ. ವೈನಿಗೆ ಬಂದಾಗ ಪೆನ್ನು ನಿಂತಿತು.

"ವೀನ್ಯೊ?"

"ಅಲ್ಲ, ನಾಲಗೆ ಮೇಲಕ್ಕೆ ಅಂಟಬೇಕು. ವೀಞೊ."

ಅವಳು ನಿಧಾನವಾಗಿ ಞ ಬರೆದು, ತಲೆ ಓರೆ ಮಾಡಿ ನೋಡಿ ನಕ್ಕಳು. "ಒಂದನೇ ಕ್ಲಾಸಿನಿಂದ ಈ ಅಕ್ಷರ ತಿದ್ದಿದ್ದೇ ಬಂತು. ಎಂತಕ್ಕೆ ಅಂತ ಟೀಚರೂ ಹೇಳಲಿಲ್ಲ. ಗಲೀಷಿಯಾದ ವೈನಿಗೆ ಅಂತ ಈಗ ಗೊತ್ತಾಯ್ತು."

ಅವಳು ನಕ್ಕಾಗ ಎಡಗೆನ್ನೆ ಮಾತ್ರ ಗುಳಿಬೀಳುವುದನ್ನು ಆಲ್ಫೋನ್ಸ್ ಕಂಡ. ಕಂಡದ್ದು ಅವಳಿಗೆ ತಿಳಿಯಿತೆಂದೂ ಕಂಡ.

"ಇನ್ನೊಂದು ಉಂಟು. ಆವ್ಗಾರ್ದೆಂತೆ. ಉರಿಯುವ ನೀರು. ನಮ್ಮ ಸಾರಾಯಿಯ ಹಾಗೆ."

"ಸಿಸ್ಟರಿಗೆ ಸಾರಾಯಿ ಯಾಕೆ?"

"ಸಿಸ್ಟರಿಗಲ್ಲ. ನೀವು ಸಿಟ್ಟು ಮಾಡಿದಾಗ ನಿಮ್ಮನ್ನು ಕರೀಲಿಕ್ಕೆ."

ಝೀಟಾ ಚಾರ್ಟನ್ನು ಎದೆಗೊತ್ತಿಕೊಂಡು ಎದ್ದಳು. ಸಿಟ್ಟು ಬಂದವಳ ಹಾಗೆ ನಡೆಯಲು ನೋಡಿದಳು. ಆಗಲಿಲ್ಲ.

ಹತ್ತು ದಿನಕ್ಕೆ ಆಂಜೆಲಾಬಾಯಿ ಗುಣವಾಗಿ ಮನೆಗೆ ಹೋದರು. ಆಲ್ಫೋನ್ಸ್ ಮಾತ್ರ ವಾರಕ್ಕೆರಡು ಸಲ ಉಡುಪಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಬರುತ್ತಲೇ ಇದ್ದ.

"ಅಮ್ಮ ಹೋಗಿ ತಿಂಗಳಾಯ್ತು," ಎಂದಳು ಸರಸ, ಬೆಡ್‌ಶೀಟು ಮಡಿಸುತ್ತಾ. "ಮಗ ಇನ್ನೂ ಡಿಸ್ಚಾರ್ಜ್ ಆಗ್ಲಿಲ್ಲ ಅಲ್ವಾ ಝೀಟಾ ಸಿಸ್ಟರ್?"

"ಅವರು ಸಿಸ್ಟರ್ ಕಾರ್ಮೆಯನ್ನು ನೋಡ್ಲಿಕ್ಕೆ ಬರೋದು."

"ಹೌದು ಮಾರಾಯ್ರೆ. ಅದಕ್ಕೇ ನೀವು ಬರುವ ಬಾಗಿಲ ಕಡೆ ನೋಡ್ತಾ ಕೂರೋದು."

ಸಿಸ್ಟರ್ ಕಾರ್ಮೆಯ ಕೆನ್ನೆ ತುಂಬಿಕೊಂಡಿತು. ಝೀಟಾ "ಲೇಯ್ತೆ? ಕಫೆ?" ಎಂದು ಕೇಳಿದರೆ ಅವರು ಎಡಗೈ ಎತ್ತಿ ಬೇಕಾದದ್ದನ್ನು ಹೇಳುತ್ತಿದ್ದರು. ಅವಳ ಉಚ್ಚಾರ ತಪ್ಪಿದರೆ ಮುಖ ಕಿವುಚಿ ತಿದ್ದುತ್ತಿದ್ದರು. ಬೇರೆ ನರ್ಸುಗಳು ಅದೇ ಮಾತು ಕಲಿತು ಬಂದರೂ ಸಿಸ್ಟರ್ ಬಾಯಿ ತೆರೆಯುತ್ತಿರಲಿಲ್ಲ. ಝೀಟಾಳ ಕೈಯೇ ಆಗಬೇಕು. ಅವಳು ಒಂದು ಭಾನುವಾರ ಕಾಪುವಿನ ತನ್ನ ಮನೆಗೆ ಹೋಗಿ ಬಂದರೆ ಅಂದು ಅವರಿಗೆ ಉಪವಾಸ.

ಮಾರ್ಚಿನಲ್ಲಿ ಅವರಿಗೆ ಜ್ವರ ಬಂತು. ಯಾರ ಮಾತಿಗೂ ಬಗ್ಗಲಿಲ್ಲ. ಆಗ ಆಲ್ಫೋನ್ಸ್ ಚಮಚ ಹಿಡಿದು, ಬಾಗಿ, ಬಹಳ ಮೆಲ್ಲಗೆ, "ಲೇಯ್ತೀಞೊ..." ಎಂದ. ಸಿಸ್ಟರ್ ಕಣ್ಣು ತೆರೆದು ನಕ್ಕರು. ಬಾಯಿಯನ್ನೂ ತೆರೆದರು.

"ಅದು ಎಂತ ಹೊಸ ಮಾತು?" ಎಂದಳು ಝೀಟಾ.

"ಹಾಲು ಅಂತಲೇ. ಸ್ವಲ್ಪ ಮುದ್ದಿನಿಂದ. ಮಕ್ಕಳಿಗೆ ಹೇಳ್ತಾರೆ."

"ಹಡಗಿನಲ್ಲಿ ಮಕ್ಕಳು ಇರ್ತಾರಾ?"

ಆಲ್ಫೋನ್ಸ್ ಚಮಚವನ್ನು ಬಟ್ಟಲಿಗೆ ಹಾಕಿದ.

ಮರುವಾರ ಝೀಟಾ ಬಿಸಿ ಹಾಲು ತೆಗೆದುಕೊಂಡು ಬಂದಾಗ ಬಾಗಿಲು ಓರೆಯಾಗಿತ್ತು. ಒಳಗೆ ಆಲ್ಫೋನ್ಸ್ ಮಾತಾಡುತ್ತಿದ್ದ. ಒಂದೆರಡು ಪದವಲ್ಲ, ತಡೆಯಿಲ್ಲದ ಮಾತು. ಆ ಭಾಷೆಯಲ್ಲಿ ಅವನ ದನಿ ಬೇರೆಯೇ ಆಗಿತ್ತು, ತುಂಬ ದಿನ ಹೊತ್ತುಕೊಂಡಿದ್ದ ಭಾರ ಇಳಿಸುವವನ ದನಿ. ನಡುವೆ ಅವನು ಅತ್ತ. ಸಿಸ್ಟರ್ ಎಡಗೈಯಿಂದ ಅವನ ತಲೆ ನೇವರಿಸುತ್ತಾ ಏನೋ ಹೇಳುತ್ತಿದ್ದರು.

ಅವನು ಹೊರಗೆ ಬಂದಾಗ ಅವಳು ಅಲ್ಲೇ ನಿಂತಿದ್ದಳು. ಹಾಲಿನ ಮೇಲೆ ಕೆನೆ ಕಟ್ಟಿತ್ತು.

"ಕುಡಿಯುವ ವಸ್ತುಗಳ ಹೆಸರು ಮಾತ್ರ ಬರ್ತದೆ ಅಂದಿದ್ರಿ."

"ಸುಳ್ಳು ಹೇಳಿದೆ ಝೀಟಾ." ಅವನು ಬೆಂಚಿನಲ್ಲಿ ಕುಸಿದು ಕೂತ. "ವೀಗೊ ಬಂದರಿನ ಹತ್ತಿರ ಒಂದು ಸಣ್ಣ ಹೋಟೆಲು. ತಾಯಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರೋಸಾ. ಅಲ್ಲಿಯ ಇಗರ್ಜಿಯಲ್ಲೇ ಮದುವೆಯಾದೆ. ಅಮ್ಮನಿಗೆ ಹೇಳಲಿಲ್ಲ. ಕರ್ಕೊಂಡು ಬಂದು ಎದುರು ನಿಲ್ಲಿಸಿದರೆ ಬೈಯುವುದಕ್ಕೂ ಆಗ್ಲಿಕ್ಕಿಲ್ಲ ಅಂತ ಎಣಿಸಿದ್ದೆ. ಹೆರಿಗೆಯಾಗಿ ಎಂಟನೇ ದಿನಕ್ಕೆ ರೋಸಾ ಹೋದಳು. ಮದುವೆಯನ್ನೇ ಹೇಳದವನು ಸಾವನ್ನು ಹೇಗೆ ಹೇಳೋದು?"

"ಮಗು?"

"ಮಗಳು. ಮೂರು ವರ್ಷ. ಅಜ್ಜಿಯ ಹತ್ತಿರ ಇದ್ದಾಳೆ."

ಝೀಟಾ ಅವನ ಪಕ್ಕದಲ್ಲಿ ಕೂತಳು. ಬೆಂಚಿನ ಮೇಲಿದ್ದ ಅವನ ಕೈಯ ಹತ್ತಿರ ತನ್ನ ಕೈಯಿಟ್ಟಳು. ನಡುವೆ ಒಂದು ಬೆರಳಿನಷ್ಟು ಜಾಗ ಉಳಿಯಿತು. ಅದನ್ನು ಅವನು ದಾಟಿದ. ಅವಳು ಕೈ ತೆಗೆಯಲಿಲ್ಲ.

ಹಡಗಿನ ಕೆಲಸ ಬಿಟ್ಟು, ಮಗಳನ್ನು ಕರೆತಂದು ಉದ್ಯಾವರದಲ್ಲೇ ಇರುವುದೆಂದು ಅವನು ಯೋಚಿಸಿದ್ದ. ಮೇ ತಿಂಗಳಲ್ಲಿ ವೀಗೊದಿಂದ ಕಾಗದ ಬಂತು. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮಗುವನ್ನು ಕಾಣದ ದೇಶಕ್ಕೆ ಕಳಿಸುವುದಿಲ್ಲ, ಬೇಕಾದರೆ ನೀನು ಬಾ ಎಂದು ಬರೆಸಿದ್ದರು.

ಆ ಭಾನುವಾರ ಅವರಿಬ್ಬರೂ ಕಾಪುವಿನ ಕಡಲ ಕರೆಯಲ್ಲಿ, ದೀಪಸ್ತಂಭದ ಬಂಡೆಯ ನೆರಳಿನಲ್ಲಿ ಕೂತರು. ಮಳೆಗಾಲದ ಮುಂಚಿನ ಗಾಳಿ ಬೀಸುತ್ತಿತ್ತು. ಮೀನುಗಾರರು ದೋಣಿಗಳನ್ನು ಮೇಲಕ್ಕೆ ಎಳೆದು ತೆಂಗಿನ ಮಡಲು ಹೊದಿಸುತ್ತಿದ್ದರು.

"ನೀನೂ ಬಾ," ಎಂದ ಆಲ್ಫೋನ್ಸ್. ನೀವು ಎನ್ನುವುದು ಯಾವಾಗ ಹೋಯಿತೆಂದು ಇಬ್ಬರಿಗೂ ನೆನಪಿರಲಿಲ್ಲ. "ಅಮ್ಮನಿಗೆ ಎಲ್ಲ ಹೇಳ್ತೇನೆ. ನಿನ್ನನ್ನು ಮದುವೆಯಾಗಿ ಕರ್ಕೊಂಡು ಹೋಗ್ತೇನೆ."

"ಸಿಸ್ಟರ್?"

"ಬೇರೆ ನರ್ಸುಗಳು ಇಲ್ವಾ?"

"ನಾನು ಒಂದು ದಿನ ಇಲ್ಲದಿದ್ರೆ ಅವರು ಬಾಯಿ ತೆರೆಯುವುದಿಲ್ಲ. ನಾನು ಹೋದ್ರೆ ಅವರು ಸಾಯ್ತಾರೆ ಆಲ್ಫೋನ್ಸ್. ಅದು ಗೊತ್ತಿದ್ದೂ ನಾನು ಅಲ್ಲಿ ಹೇಗೆ ಬದುಕೋದು?"

ಅವನು ಅಲೆಗಳನ್ನೇ ನೋಡುತ್ತಿದ್ದ. ಅವಳೇ ಕೇಳಿದಳು. "'ಇರು' ಅನ್ಲಿಕ್ಕೆ ಅವರ ಭಾಷೆಯಲ್ಲಿ ಎಂತ ಹೇಳ್ತಾರೆ?"

"ಕೇಳ್ಬೇಡ. ನೀನು ಅದನ್ನು ಹೇಳಿದ್ರೆ ನಾನು ಹೋಗ್ಲಿಕ್ಕಿಲ್ಲ."

ಅವಳು ಮತ್ತೆ ಕೇಳಲಿಲ್ಲ. "ಮಗು ಕಾಯ್ತದೆ," ಎಂದಳು. "ನಾನಾದ್ರೆ ದೊಡ್ಡವಳು."

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಬೊಂಬಾಯಿ ಬಸ್ಸಿಗೆ ಹತ್ತಿಸಲು ಆಂಜೆಲಾಬಾಯಿಯೂ ಬಂದಿದ್ದರು. "ಬೇಗ ಬಾ ಪುತಾ. ಈ ಸಲ ಬಂದ್ರೆ ಮದುವೆ ಮಾಡಿಯೇ ಬಿಡೋದು," ಎಂದು ಝೀಟಾಳತ್ತ ಓರೆಗಣ್ಣಿನಿಂದ ನೋಡಿ ನಕ್ಕರು. ಆಲ್ಫೋನ್ಸ್ ತಾಯಿಗೆ ಹೇಳಬೇಕೆಂದುಕೊಂಡದ್ದನ್ನು ಆ ದಿನವೂ ಹೇಳಲಿಲ್ಲ.

ಒಂದು ವರ್ಷದಲ್ಲಿ ಮರಳುತ್ತೇನೆ ಎಂದಿದ್ದ. ಅಜ್ಜಿ ಏಳಲಿಲ್ಲ. ಕಾಗದಗಳು ಮೊದಲು ತಿಂಗಳಿಗೆರಡು ಬರುತ್ತಿದ್ದವು, ಆಮೇಲೆ ಒಂದು. ಅವುಗಳಲ್ಲಿ ಮಗಳ ಹಲ್ಲು, ಮಗಳ ಶಾಲೆ, ಹೋಟೆಲಿನ ಕೆಲಸ. ಝೀಟಾಳ ಕಾಗದಗಳಲ್ಲಿ ಸಿಸ್ಟರ್ ಎಷ್ಟು ಕುಡಿದರು, ಎಷ್ಟು ನಕ್ಕರು. ಪ್ರೀತಿಯ ಮಾತನ್ನು ಅವಳು ಒಮ್ಮೆಯೂ ಬರೆಯಲಿಲ್ಲ. ಬರೆದರೆ ಅದು ಕರೆದ ಹಾಗೆ ಆಗುತ್ತದೆಂದು ಹೆದರಿದಳು. ಕಾಪುವಿನ ಮನೆಗೆ ಬಂದ ಸಂಬಂಧಗಳನ್ನು ಒಂದೊಂದು ನೆಪ ಹೇಳಿ ಕಳಿಸಿದಳು.

ಸಿಸ್ಟರ್ ಕಾರ್ಮೆ ಎರಡೂವರೆ ವರ್ಷ ಬದುಕಿದರು. ೧೯೮೧ರ ಆಗಸ್ಟಿನ ಒಂದು ಮಧ್ಯಾಹ್ನ, ಎರಡು ಚಮಚ ಹಾಲು ಕುಡಿದು, ಝೀಟಾಳ ಬೆರಳು ಹಿಡಿದುಕೊಂಡೇ ಹೋದರು. ಝೀಟಾ ಅವರ ಕಣ್ಣು ಮುಚ್ಚಿದಳು, ಮೈ ತೊಳೆದಳು, ಕನ್ಯಾಸ್ತ್ರೀಯರ ನಿಲುವಂಗಿ ತೊಡಿಸಿದಳು. ಅಳಲಿಲ್ಲ.

ಮಣ್ಣಾದ ಮರುದಿನ ಅವಳು ವಿದೇಶಕ್ಕೆ ಕಳಿಸುವ ಏರೋಗ್ರಾಂ ಕಾಗದ ತಂದು ಬರೆದಳು. "ಸಿಸ್ಟರ್ ಹೋದರು. ಈಗ ನಾನು ಬರಬಹುದು. ನೀನು ಹೇಳಿದರೆ ಬರುತ್ತೇನೆ."

ಅದು ದಾರಿಯಲ್ಲಿರುವಾಗಲೇ ಆಲ್ಫೋನ್ಸನ ಕಾಗದ ಅವಳ ಕೈಸೇರಿತು. ಜೂನ್ ತಿಂಗಳಲ್ಲಿ ಬರೆದು, ಕಳಿಸಲಾರದೆ ಇಟ್ಟುಕೊಂಡಿದ್ದನಂತೆ. ರೋಸಾಳ ತಂಗಿಯನ್ನು ಮದುವೆಯಾಗಿದ್ದ. ಮಗು ಅವಳನ್ನು ಅಮ್ಮ ಎಂದು ಕರೆಯಲು ಶುರುಮಾಡಿ ವರ್ಷವಾಗಿತ್ತು. "ನಿನ್ನನ್ನು ಎಷ್ಟು ಕಾಲ ಕಾಯಿಸಲಿ? ನನ್ನ ಮೇಲೆ ನಿನಗಿದ್ದದ್ದು ಕನಿಕರವೋ ಪ್ರೀತಿಯೋ, ಅದೂ ನನಗೆ ತಿಳಿಯಲಿಲ್ಲ. ಅಮ್ಮನಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಹೇಳುವ ಧೈರ್ಯ ನನಗಿಲ್ಲ." ಒಳಗೆ ಮಗಳ ಫೋಟೋ ಇತ್ತು.

ಮೂರು ದಿನ ಅವಳು ಡ್ಯೂಟಿ ಮಾಡಿದಳು. ನಾಲ್ಕನೆಯ ದಿನ ರಜೆ ಹಾಕಿ ಉದ್ಯಾವರಕ್ಕೆ ಹೋದಳು.

ಆಂಜೆಲಾಬಾಯಿ ಜಗಲಿಯಲ್ಲಿ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಝೀಟಾ ನೆಲದ ಮೇಲೆ ಅವರೆದುರು ಕೂತು ಎಲ್ಲವನ್ನೂ ಹೇಳಿದಳು. ರೋಸಾ, ಮದುವೆ, ಮಗು, ಸಾವು, ಎರಡನೆಯ ಮದುವೆ. ಕೊನೆಗೆ ಫೋಟೋವನ್ನು ಅವರ ಮಡಿಲಲ್ಲಿಟ್ಟಳು.

ಆಂಜೆಲಾಬಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಹುಬ್ಬು ನನ್ನದೇ," ಎಂದರು. "ಹೆಸರೆಂತ?"

"ಆನ್ಶೆಲಾ. ಅವರ ಮಾತಿನಲ್ಲಿ ಹಾಗೆ. ನಿಮ್ಮದೇ ಹೆಸರು ಅದು."

"ಆರು ವರ್ಷ! ಹೆತ್ತವಳಿಗೆ ಆರು ವರ್ಷ ಹೇಳಲಿಲ್ಲ ಅವನು! ಆ ಹುಡುಗಿ ಸತ್ತಾಗ ಒಬ್ಬನೇ ಅತ್ತನಾ?" ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರು ಅತ್ತರು. ಅತ್ತು ಮುಗಿದ ಮೇಲೆ ಮುಖ ಒರೆಸಿ ಝೀಟಾಳನ್ನು ನೋಡಿದರು. "ಮತ್ತೆ ನೀನು? ನೀನು ಅವನಿಗಾಗಿ ಕಾದದ್ದು ಅಲ್ವಾ ಮಗಳೇ?"

ಸರಸ ಎಷ್ಟೋ ಸಲ ಇದನ್ನು ಕೇಳಿದ್ದಳು. ಮನೆಯವರೂ ಕೇಳಿದ್ದರು. ಪ್ರತಿ ಸಲವೂ ಅವಳು ಇಲ್ಲವೆಂದಿದ್ದಳು.

"ಕಾದೆ," ಎಂದಳು ಝೀಟಾ. "ಅವರೆಂದರೆ ನನಗೆ ಜೀವ. ಆ ಮೊದಲ ದಿನವೇ, ನಾನು ಬೈದಾಗ ಅವರು ಲೋಟ ಕೆಳಗಿಡದೆ ನಿಂತಿದ್ದರಲ್ಲ, ಆಗಿನಿಂದಲೇ. ಒಂದು ಸಲವಾದರೂ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಕನಿಕರ ಅಂತ ಎಣಿಸಿಬಿಟ್ಟರು."

ಆಂಜೆಲಾಬಾಯಿ ಮೊರವನ್ನು ಬದಿಗೆ ಸರಿಸಿ ಎರಡೂ ಕೈ ಚಾಚಿದರು. ಝೀಟಾ ಮುಂದಕ್ಕೆ ಬಾಗಿ ಅವರ ಮಡಿಲಲ್ಲಿ ಮುಖವಿಟ್ಟಳು. ಎದುರಿನ ಹೆದ್ದಾರಿಯಲ್ಲಿ ಬಸ್ಸುಗಳು ಹಾರ್ನ್ ಹಾಕುತ್ತಾ ಹೋಗುತ್ತಿದ್ದವು, ಅಂಗಳದ ಅಂಚಿನಲ್ಲಿ ನೆರೆಮನೆಯವರು ನಿಂತು ನೋಡುತ್ತಿದ್ದರು. ಅವಳು ಯಾರನ್ನೂ ಲೆಕ್ಕಿಸದೆ, ಹಾಡಹಗಲಿನಲ್ಲಿ, ದನಿ ತೆಗೆದು ಅತ್ತಳು.