ಬಿಡು ಎಂದ ದನಿ

"ಬಿಡು ಅಂದಿದ್ದು ಯಾರು?"

ಕೇಳಿದವರು ಟೀಚರ್. ಕೇಳಿದ್ದು ಯಾರನ್ನೂ ಅಲ್ಲ. ಮೈದಾನದ ನಡುವೆ ಎರಡು ಪ್ಯಾರಾಚೂಟುಗಳು ಒಂದಕ್ಕೊಂದು ಸುತ್ತಿಕೊಂಡು ಬಿದ್ದಿದ್ದವು. ಆ ಬಟ್ಟೆಯ ರಾಶಿಯ ಮೇಲೆ, ಮುರಿದ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಅವರು ಕೂತಿದ್ದರಂತೆ. ನಾಲ್ಕು ಮಾರು ಆಚೆ ಗಾಳಿಪಟ ಎಂಬ ಅಡ್ಡಹೆಸರಿನ ತರುಣ ಅಂಗಾತ ಬಿದ್ದಿದ್ದ. ಅವನ ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಜನವೆಲ್ಲ ಅತ್ತ ಓಡಿದರು. ಟೀಚರ್ ಹುಲ್ಲನ್ನೇ ನೋಡುತ್ತ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರಂತೆ. 

ನಾವು ಹೋದದ್ದು ಆಮೇಲೆ. ನಾವು ಎಂದರೆ ಅತ್ತೆ ಮತ್ತು ನಾನು. ಅವರು ನನಗೆ ಅತ್ತೆಯಲ್ಲ, ಯಾರಿಗೂ ಅಲ್ಲ. ವಿಮಾನದಿಂದ ಜಿಗಿಯುವವರ ಸಂಘದಲ್ಲಿ ಅಪಘಾತಗಳ ತನಿಖೆ ಅವರ ಕೆಲಸ. ಎಲ್ಲಿಗೆ ಹೋದರೂ ಒಂದಲ್ಲ ಒಂದು ತಪ್ಪು ಹುಡುಕುತ್ತಾರೆಂದು ಜಿಗಿಯುವ ಹುಡುಗರೇ ಇಟ್ಟ ಹೆಸರದು. ನಾನು ಅವರ ಕಾರು ಓಡಿಸುತ್ತೇನೆ, ಜನರ ಹೇಳಿಕೆ ಬರೆದುಕೊಳ್ಳುತ್ತೇನೆ. ಪದ್ಯ ಕೇಳಿ ಬೆಳೆದ ಕಿವಿ ಇದು, ಅಕ್ಷರ ಬೀಳಿಸುವುದಿಲ್ಲ ಎಂದು ಅತ್ತೆ ನನ್ನನ್ನು ಆಗಾಗ ಹೊಗಳುವುದುಂಟು.

ಮೈದಾನದಲ್ಲಿ ನಮಗೆ ಮೊದಲು ಸಿಕ್ಕಿದವರು ಅಕ್ಕ. ಗಾಳಿಪಟನ ಒಡಹುಟ್ಟಿದ ಅಕ್ಕ. ತಮ್ಮ ಕರೆದದ್ದನ್ನು ಕೇಳಿ ಕೇಳಿ ಊರಿಗೆಲ್ಲ ಅಕ್ಕನಾದರು; ಅವರ ಗಂಡ ಎಲ್ಲರಿಗೂ ಭಾವನಾದರು. "ಅತ್ತೆ, ಅಕ್ಕ, ಭಾವ! ನಾವು ಹೋಗ್ತಿರೋದು ತನಿಖೆಗೋ, ಬೀಗರ ಮನೆಗೋ?" ಎಂದು ಅತ್ತೆ ಕಾರಿನಲ್ಲಿ ನಕ್ಕಿದ್ದರು. ಅಕ್ಕನ ಮುಖ ಕಂಡ ಮೇಲೆ ನಗಲಿಲ್ಲ.

ಮೈದಾನವನ್ನು ಸುಣ್ಣದ ಗೆರೆಯೊಂದು ಎರಡು ಪಾಲು ಮಾಡಿತ್ತು. ಈಚೆಯದು ಕಲಿಯುವವರಿಗೆ. ಅವರ ಪ್ಯಾರಾಚೂಟು ದೊಡ್ಡದು, ನಿಧಾನ. ಆಚೆಯದು ಪಳಗಿದವರಿಗೆ. ಅವರದು ಚಿಕ್ಕದು, ಬಾಣದ ವೇಗ. ಎರಡೂ ಬೆರೆಯಬಾರದೆಂದೇ ಗೆರೆ.

"ಆವತ್ತು ಎಲ್ಲಿ ನಿಂತಿದ್ರಿ?" ಅತ್ತೆ ಕೇಳಿದರು.

"ಇಲ್ಲೇ ಮೇಡಂ. ಟೀಚರ್ ಇನ್ನೂ ಜಿಗಿಯೋದು ಕಲೀತಿರೋರು, ಅವರಿಗೆ ರೇಡಿಯೋದಲ್ಲಿ ದಾರಿ ಹೇಳ್ತಿದ್ದೆ. ಅವರ ಹೆಲ್ಮೆಟ್‌ನಲ್ಲಿ ಕೇಳಿಸತ್ತೆ ಅಷ್ಟೆ, ಅವರು ವಾಪಸ್ ಮಾತಾಡೋಕಾಗಲ್ಲ. ನಾವು ಹೇಳೋದು, ಅವರು ಮಾಡೋದು."

"ಏನು ಹೇಳಿದ್ರಿ?"

"'ಎರಡೂ ಹಿಡಿಕೆ ಅರ್ಧ ಎಳೀರಿ, ಹಾಗೇ ಇರಿ' ಅಂದೆ. ಎಳೆದ್ರೆ ಪ್ಯಾರಾಚೂಟ್ ನಿಧಾನ ಆಗತ್ತೆ. ಬಿಟ್ರೆ ಮುಂದಕ್ಕೆ ನುಗ್ಗತ್ತೆ."

"ನಿಧಾನ ಯಾಕೆ?"

ಅಕ್ಕ ಗೆರೆಯ ಕಡೆ ನೋಡಿದರು. "ನನ್ನ ತಮ್ಮ ಅವರ ಮುಂದೆ, ಸ್ವಲ್ಪ ಕೆಳಗೆ, ಅಡ್ಡ ಬರ್ತಿದ್ದ. ಅವನು ದಾಟಿ ಹೋಗ್ಲಿ ಅಂತ."

"ಗೆರೆಯಿಂದ ಈಚೆಗೆ?"

"ಹೂಂ."

"ಅದು ಮೊದಲನೇ ಸಲಾನಾ?"

"ಅವನಿಗದು ಆಟ ಮೇಡಂ. ನಾನು ಎಲ್ಲಿ ನಿಂತಿರ್ತೀನೋ ಅಲ್ಲೇ, ನನ್ನ ಕಾಲ ಹತ್ರಾನೇ ಇಳೀಬೇಕು. ಚಿಕ್ಕೋನಿದ್ದಾಗ ಕಾಂಪೌಂಡ್ ಮೇಲಿಂದ ನನ್ನ ಮೈಮೇಲೇ ಹಾರ್ತಿದ್ದ." ಅಕ್ಕನ ತುಟಿಯಲ್ಲಿ ನಗುವೊಂದು ಹುಟ್ಟಿ ಅಲ್ಲೇ ಸತ್ತಿತು.

"ಟೀಚರ್ ಹಿಡಿಕೆ ಯಾಕೆ ಬಿಟ್ರು?"

"ಗಾಬರಿ. ನಾನು 'ಬಿಡಿ' ಅಂದೆ ಅಂತ ಅವರು ತಿಳ್ಕೊಂಡಿದ್ದಾರೆ. ನಾನು ಅಂದಿಲ್ಲ. ದೇವರಾಣೆಗೂ ಅಂದಿಲ್ಲ ಮೇಡಂ."

ಆಣೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಆ ದನಿಯಲ್ಲಿ ಸುಳ್ಳಿರಲಿಲ್ಲ.

"ನಿಮ್ಮ ಪಕ್ಕ ಯಾರಿದ್ರು?"

"ನನ್ನ ಗಂಡ ಇದ್ದ. ಬೇರೆ ಯಾರೂ ಇರಲಿಲ್ಲ."

ಭಾವ ಮಡಿಸುವ ಕೋಣೆಯಲ್ಲಿದ್ದರು. ಇಳಿದವರ ಪ್ಯಾರಾಚೂಟುಗಳನ್ನು ಮತ್ತೆ ಮಡಿಸಿ ಚೀಲಕ್ಕೆ ಸೇರಿಸುವುದು ಅವರ ಕೆಲಸ. ನೆಲದ ಚಾಪೆಯ ಮೇಲೆ ಮಂಡಿಯೂರಿ, ಬಟ್ಟೆಯೊಳಗಿನ ಗಾಳಿಯನ್ನು ಎದೆಯಿಂದ ಒತ್ತಿ ಹೊರಗಟ್ಟುತ್ತಿದ್ದರು. ಭಾವನಿಗೂ ಭಾವಮೈದುನನಿಗೂ ಎಣ್ಣೆ-ಸೀಗೆಕಾಯಿ ಎಂದು ಮೈದಾನವೆಲ್ಲ ಹೇಳಿತ್ತು. ಅಪಘಾತಕ್ಕೆ ಸ್ವಲ್ಪ ಮೊದಲು, ಎಲ್ಲರೆದುರಿಗೆ, "ಒಂದಿನ ಇವನ ರೆಕ್ಕೆ ಮುರಿಯತ್ತೆ, ಆಗ ಬುದ್ಧಿ ಬರತ್ತೆ" ಎಂದಿದ್ದರಂತೆ.

"ಅವನ ಪ್ಯಾರಾಚೂಟ್ ಮಡಿಸಿದ್ದು ನೀವೇನಾ?"

"ನಾನೇ. ಮಡಿಕೇಲಿ ತಪ್ಪಿತ್ತು ಅಂತ ಬೇಕಾದ್ರೆ ಬರ್ಕೊಳ್ಳಿ."

"ತಪ್ಪಿತ್ತಾ?"

"ಇರಬಹುದು."

"ಅದು ಸರಿಯಾಗಿ ಬಿಚ್ಚಿಕೊಂಡು, ಅವನು ಆರಾಮಾಗಿ ಇಳೀತಾ ಇದ್ನಲ್ರೀ. ಡಿಕ್ಕಿ ಆಗೋವರೆಗೂ ಅದಕ್ಕೇನೂ ಆಗಿರಲಿಲ್ಲ. ಕೇಳದೇ ಇದ್ರೂ ತಪ್ಪನ್ನ ತಟ್ಟೇಲಿಟ್ಟು ಕೊಡ್ತಿದ್ದೀರಿ!"

ಭಾವ ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಿಸಿದರು.

"ಅಕ್ಕ ರೇಡಿಯೋದಲ್ಲಿ ಏನಂದ್ರು, ಕೇಳಿಸ್ಕೊಂಡ್ರಾ?"

"ನಂಗೇನೂ ಕೇಳಿಸಲಿಲ್ಲ."

"ಪಕ್ಕದಲ್ಲೇ ಇದ್ರಿ."

"ಗಾಳಿ ಇತ್ತು."

ಹೊರಗಿನಿಂದ ಅಕ್ಕನ ಕೂಗು ಬಂತು: "ಏಯ್, ಊಟಕ್ಕೆ ಬಾ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು." ಮಡಿಸುತ್ತಿದ್ದ ಕೈಗಳು ಒಂದು ಗಳಿಗೆ ನಿಂತವು. "ಸ್ಕೂಲಲ್ಲಿ ಒಂದೇ ಬೆಂಚು ನಾನೂ ಅವಳೂ," ಎಂದರು ಭಾವ, ಯಾರೂ ಕೇಳದಿದ್ದರೂ.

ಟೀಚರ್ ಮನೆಯಲ್ಲಿ ಎರಡು ಕೋಣೆ, ತುಂಬ ಪುಸ್ತಕ. ಮಕ್ಕಳಿಗೆ ಉಕ್ತಲೇಖನ ಹೇಳಿ ಹೇಳಿ ನಿವೃತ್ತರಾದವರು. "ಬೀಳ್ಕೊಡುಗೇಲಿ ಸ್ಕೂಲಿನೋರು ಗಡಿಯಾರ ಕೊಟ್ರು. ನಂಗೆ ನಾನು ಆಕಾಶ ಕೊಟ್ಕೊಂಡೆ," ಎಂದರು. ಕೈಗೆ ಪ್ಲಾಸ್ಟರ್ ಹಾಕಿತ್ತು. ಕಣ್ಣ ಕೆಳಗೆ ಕಪ್ಪು.

"ನಿಯಮ ನಂಗೆ ಗೊತ್ತು. ಕೆಳಗಿರೋರಿಗೆ ದಾರಿ ಮೊದಲು. ಮೇಲಿದ್ದವಳು ನಾನು. ನಾನೇ ನೋಡಬೇಕಿತ್ತು. ತಪ್ಪು ನಂದು ಅಂತ ಬರೆದ್ರೆ ರುಜು ಹಾಕ್ತೀನಿ."

"ಮತ್ತೆ ಹಿಡಿಕೆ ಬಿಟ್ಟಿದ್ದು?"

"ಬಿಡು ಅಂತ ಕೇಳಿಸ್ತು. ಬಿಟ್ಟೆ."

"ಅಕ್ಕನ ದನೀನಾ?"

ಟೀಚರ್ ಯೋಚಿಸಿದರು. "ಅವರದೇ. ಆದ್ರೆ ಅವರದ್ದಲ್ಲ ಅನ್ನೋ ಹಾಗೂ ಇತ್ತು."

"ಅಂದ್ರೆ?"

"ಅಷ್ಟು ಅಕ್ಕರೆಯಿಂದ ಅವರು ನಂಗೆ ಯಾವತ್ತೂ ಏನೂ ಹೇಳಿರಲಿಲ್ಲ." ಅವರ ಸ್ವರ ಇಳಿಯಿತು. "ಆ ಹುಡುಗನ ಕಾಲು ನನ್ನಿಂದ ಹೋಯ್ತು ಅಂದ್ರೆ ಹೊರ್ತೀನಮ್ಮ. ಆದ್ರೆ ಎಲ್ಲರೂ ಅಂತಾರೆ, ಯಾರೂ ಏನೂ ಅಂದೇ ಇಲ್ಲ, ನಿಮಗೆ ಭ್ರಮೆ ಅಂತ. ಇಲ್ಲದ ಮಾತು ಕೇಳಿಸೋ ಹಾಗಿದ್ರೆ ನಾಳೆ ನನ್ನ ನಾನು ಹೇಗೆ ನಂಬಲಿ? ನಿದ್ದೆ ಬರಲ್ಲ. ಬಂದ್ರೆ ಅದೇ ಮಾತು ಕೇಳಿಸತ್ತೆ."

ನಾನು ಹೇಳಿಕೆ ಬರೆದುಕೊಂಡೆ. ಮನಸ್ಸಿನಲ್ಲೇ ಅವರಿಗಾಗಿ ಒಂದು ಪ್ರಾರ್ಥನೆಯನ್ನೂ ಸಲ್ಲಿಸಿದೆ.

ಮರುದಿನ ಬೆಳಿಗ್ಗೆ ಅತ್ತೆ ಟೀಚರ್‌ದೇ ಹೆಲ್ಮೆಟ್ಟನ್ನು ನನ್ನ ತಲೆಗೆ ತೊಡಿಸಿದರು. "ನೀನೇ ಇವತ್ತು ಪ್ಯಾರಾಚೂಟ್. ಅಕ್ಕ ಹೇಳಿದ ಹಾಗೆ ನಡಿ. ಸ್ವಂತ ಬುದ್ಧಿ ಬೇಡ."

"ಅದು ಇದ್ರಲ್ವಾ ಮೇಡಂ," ಎಂದೆ.

ಸುಣ್ಣದ ಗೆರೆಯ ಗುಂಟ ನಡೆದೆ. ಅತ್ತೆಯೂ ಅಕ್ಕನೂ ದೂರದಲ್ಲಿ ಎರಡು ಕಡ್ಡಿಗಳಷ್ಟಾದರು. ಕಿವಿಯಲ್ಲಿ ಅಕ್ಕನ ದನಿ ಸ್ಪಷ್ಟವಾಗಿತ್ತು. "ಮುಂದೆ ಬನ್ನಿ ಸರ್." ಬಂದೆ. "ಬಲಕ್ಕೆ ತಿರುಗಿ." ತಿರುಗಿದೆ. "ಹಾಗೇ ನಡೀರಿ." ನಡೆದೆ. "ಬೇಡ." ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತೆ. "ಎಡಕ್ಕೆ... ಅರೆ, ಯಾಕೆ ನಿಂತ್ರಿ ಸರ್?"

ಹಿಂದಿರುಗಿ ಹೇಳಿದೆ: "ನೀವೇ ಬೇಡ ಅಂದ್ರಲ್ಲ."

"ನಾನಾ? ಇಲ್ವಲ್ಲ!" ಅಕ್ಕ ನಿಜವಾಗಿಯೂ ಬೆರಗಾಗಿದ್ದರು.

ನಾನು ಅತ್ತೆಯ ಮುಖ ನೋಡಿದೆ. ಗೆದ್ದವರ ಮುಖವಲ್ಲ ಅದು. ಸಾವಿನ ಸುದ್ದಿ ಹೊತ್ತು ಬಾಗಿಲು ತಟ್ಟುವವರ ಮುಖ. "ಟೀಚರ್‌ನ ಕರ್ಕೊಂಡು ಬಾ," ಎಂದರು. "ಆಸ್ಪತ್ರೆಗೆ ಹೋಗೋಣ. ಎಲ್ಲರೂ ಇರಬೇಕು."

ಗಾಳಿಪಟನ ಕಾಲನ್ನು ಮಂಚದ ಮೇಲಿನ ರಾಟೆಗೆ ತೂಗುಹಾಕಿದ್ದರು. ಕೋಲು ಹಿಡಿದು ನಡೆಯಬಹುದು, ಇನ್ನು ಜಿಗಿಯುವಂತಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನಮ್ಮನ್ನು ಕಂಡದ್ದೇ, "ಅಕ್ಕಾ, ಅತ್ತೆಗೆ ಕುರ್ಚಿ ಕೊಡು. ಇಲ್ಲಾಂದ್ರೆ ಅದರಲ್ಲೂ ತಪ್ಪು ಹುಡುಕ್ತಾರೆ," ಎಂದ. ಯಾರೂ ನಗಲಿಲ್ಲ. ಭಾವ ಕಿಟಕಿಯ ಬಳಿ ನಿಂತಿದ್ದರು. ಟೀಚರ್ ಬಾಗಿಲ ಬಳಿ, ಒಳಗೆ ಬರಲೋ ಬೇಡವೋ ಎಂಬಂತೆ.

"ಟೀಚರ್, ಏನು ಕೇಳಿಸ್ತು ಅಂತ ಇನ್ನೊಂದು ಸಲ ಹೇಳಿ."

"ಬಿಡು."

"ಅಕ್ಕ, ಟೀಚರ್‌ಗೆ ಹಿಡಿಕೆ ಬಿಡೋಕೆ ಹೇಳೋದಾದ್ರೆ ನೀವು ಹೇಗೆ ಹೇಳ್ತೀರಿ?"

"ಬಿಡಿ ಅಂತೀನಿ. ನಮ್ಮಮ್ಮನ ವಯಸ್ಸಿನೋರು, ಅವರಿಗೆ ಹೋಗಿ ಬಿಡು ಅಂತ..." ಅಕ್ಕನ ಮಾತು ಅರ್ಧಕ್ಕೆ ನಿಂತಿತು.

"ಅದೇ," ಎಂದರು ಅತ್ತೆ. "ಟೀಚರ್ ಮೊದಲ ದಿನದಿಂದ 'ಬಿಡು' ಅಂತಾನೇ ಹೇಳ್ತಿದ್ದಾರೆ. ಅದನ್ನ ನಾವೆಲ್ಲ ಮರ್ಯಾದೆಗೆ 'ಬಿಡಿ' ಅಂತ ತಿದ್ಕೊಂಡು ಕೇಳಿದ್ವಿ. ಪದ್ಯದ ಕಿವಿ ಅಂತ ಹೊಗಳ್ತೀನಲ್ಲ, ಇವನೂ 'ಬಿಡಿ' ಅಂತಾನೇ ಬರ್ಕೊಂಡಿದ್ದಾನೆ."

ನಾನು ತಲೆ ತಗ್ಗಿಸಿದೆ. ನಿಜವಾಗಿತ್ತು.

"ಆ ಮಾತು ಟೀಚರ್‌ಗೆ ಹೇಳಿದ್ದಲ್ಲ. ಏಕವಚನದಲ್ಲಿ, ಅಕ್ಕರೆಯಿಂದ, ಅಕ್ಕ ಮಾತಾಡಿಸೋದು ಯಾರನ್ನ? ಆ ಹೊತ್ತು ಪಕ್ಕದಲ್ಲಿ ಇದ್ದೋರು ಒಬ್ಬರೇ. ಭಾವ, ನೀವು ಇವರಿಗೆ ಏನಂದ್ರಿ?"

ಭಾವ ಕಿಟಕಿಯ ಸರಳು ಹಿಡಿದುಕೊಂಡರು. "'ನಿನ್ನ ತಮ್ಮ ಮತ್ತೆ ಗೆರೆ ದಾಟಿದ. ಇವತ್ತಾದ್ರೂ ಬೈಯಿ' ಅಂದೆ."

"ಅದಕ್ಕೆ ಇವರು?"

ಉತ್ತರಿಸಿದವರು ಅಕ್ಕ, ಮಂಕು ಬೆಳಕಿನಲ್ಲಿ ಅಕ್ಷರ ಕೂಡಿಸಿ ಓದುವವರ ಹಾಗೆ. "'ಹೋಗ್ಲಿ... ಬಿಡು' ಅಂದೆ."



"ನಿಮ್ಮ ಹೆಬ್ಬೆರಳು ನಿಮ್ಮ ಬಾಯಿಗಿಂತ ಮುಂದೆ ಅಕ್ಕ," ಅತ್ತೆ ಮೆಲ್ಲಗೆ ಹೇಳಿದರು. "ಪಕ್ಕದವರ ಜೊತೆ ಮಾತು ಮುಗಿಯೋ ಮೊದಲೇ, ಮುಂದಿನ ಸೂಚನೆಗೆ ಅಂತ ರೇಡಿಯೋದ ಗುಂಡಿ ಒತ್ತಿರ್ತೀರಿ. ಇವತ್ತು ಬೆಳಿಗ್ಗೆ ಮೈದಾನದಲ್ಲಿ, 'ನೆರಳಿಗೆ ಹೋಗೋಣ್ವಾ' ಅಂತ ನಾನು ಕೇಳಿದೆ. ಬೇಡ ಅಂದ್ರಿ, ನಂಗೆ. ಆ ತುದೀಲಿ ಇವನು ಕೊಕ್ಕರೆ ಥರ ಒಂಟಿಕಾಲಲ್ಲಿ ನಿಂತ. ಆವತ್ತೂ ಹಾಗೇ. 'ಹೋಗ್ಲಿ' ನೆಲದಲ್ಲೇ ಉಳೀತು. 'ಬಿಡು' ಮೇಲಕ್ಕೆ ಹೋಯ್ತು. ಟೀಚರ್, ಹೇಳಿದ್ದನ್ನ ಹಾಗೇ ಮಾಡೋರು. ಬಿಟ್ರು."

"ಹಾಗಾದ್ರೆ ಕೇಳಿಸಿತ್ತು," ಎಂದರು ಟೀಚರ್. ಅಷ್ಟೇ. ಕಣ್ಣು ಮುಚ್ಚಿಕೊಂಡರು.

"ನಂಗೆ ಅಲ್ಲೇ ಹೊಳೀತು," ಎಂದರು ಭಾವ. "ಟೀಚರ್ ಬಿದ್ದಲ್ಲೇ ಕೂತು 'ಬಿಡು ಅಂದಿದ್ದು ಯಾರು' ಅಂತ ಕೇಳಿದ್ರಲ್ಲ, ಆಗಲೇ. ಇವಳಿಗೆ ಮಾತ್ರ ಗೊತ್ತಾಗೋದು ಬೇಡ ಅನ್ಕೊಂಡೆ. ಮಡಿಕೆ ಸರಿ ಇರಲಿಲ್ಲ ಅಂತ ನನ್ನ ತಲೆಗೇ ಬಂದ್ರೂ ಆಗತ್ತೆ ಅನ್ಕೊಂಡೆ."

"ನಿಮ್ಮ ತಲೆಗೆ ಬರಲಿಲ್ಲ. ಟೀಚರ್ ತಲೆಗೆ ಬಂತು," ಎಂದರು ಅತ್ತೆ. ಆಮೇಲೆ ಮಂಚದ ಕಡೆ ತಿರುಗಿದರು. "ನೋಡಪ್ಪ, ಗೆರೆ ದಾಟಿದೋನು ನೀನು. ಸೂಚನೆ ಕೊಡೋ ಗುಂಡಿ ಒತ್ಕೊಂಡು ಮನೆ ಮಾತಾಡಿದ್ದು ನಿಮ್ಮಕ್ಕ. ಆದ್ರೆ ಅವರ ತಪ್ಪು ಆವತ್ತೊಂದು ದಿನದ್ದಲ್ಲ. ನೀನು ದಾಟಿದಾಗೆಲ್ಲ ಅವರು ಅದೇ ಮಾತು ಅಂದಿದ್ದಾರೆ. ಆವತ್ತು ಅದು ಬೇರೆಯವರ ಕಿವಿಗೆ ಬಿತ್ತು, ಅಷ್ಟೆ."

ಟೀಚರ್ ಒಳಗೆ ಬಂದರು. ನೆಟ್ಟಗಿದ್ದ ಕೈಯಿಂದ ಅಕ್ಕನ ಹೆಗಲು ಮುಟ್ಟಿದರು. ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಅತ್ತೆಯೂ ಎದ್ದರು. ನಾನು ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದೆ.

ಗಾಳಿಪಟ ಪಿಸುಗುಟ್ಟಿದ. ಪಿಸುಮಾತು ನನಗೆ ಎಂದೂ ತಪ್ಪುವುದಿಲ್ಲ.

"ಅಕ್ಕಾ, ಅಳಬೇಡ. ಕೇಳು. ಟೀಚರ್ ಹೇಗೂ ಇನ್ನು ಹಾರಲ್ಲ. ಗಾಬರೀಲಿ ಆಯ್ತು ಅಂತ ಬರೆದ್ರೆ ಅವರಿಗೇನಾಗತ್ತೆ? ನೀನು ಒಪ್ಕೊಂಡ್ರೆ ನಿನ್ನ ಕೈಗೆ ಇನ್ನು ಯಾರೂ ರೇಡಿಯೋ ಕೊಡಲ್ಲ. ಮೈದಾನ ಬಿಟ್ಟು ಬದುಕ್ತೀಯಾ ನೀನು? ಅತ್ತೇನ ನಾನು ಹೇಗಾದ್ರೂ ಒಪ್ಪಿಸ್ತೀನಿ. ನೀನು ನೆನಪಿಲ್ಲ ಅನ್ನು, ಸಾಕು." ಅವನು ಕೈ ಚಾಚಿ ಅವರ ಬೆರಳು ಹಿಡಿದ, ಚಿಕ್ಕ ಮಕ್ಕಳು ಹಿಡಿಯುವ ಹಾಗೆ. "ನಂಗೋಸ್ಕರ. ಇದೊಂದು ಸಲ ಬಿಟ್ಬಿಡಕ್ಕ."

ಅಕ್ಕ ಕಣ್ಣೊರೆಸಿಕೊಂಡರು. ಜಾರಿದ್ದ ಹೊದಿಕೆಯನ್ನು ತಮ್ಮನ ಎದೆಯವರೆಗೆ ಎಳೆದು ಸರಿಮಾಡಿದರು. ಬೆರಳುಗಳನ್ನು ಅವನ ಹಿಡಿತದಿಂದ ಒಂದೊಂದಾಗಿ ಬಿಡಿಸಿಕೊಂಡರು.

"ಬಿಡಲ್ಲ," ಎಂದರು.