ಒಂದೂವರೆ ಅಕ್ಕ

ಬಹಳ ಬಹಳ ಹಿಂದೆ, ಗೀಟೂರು ಎಂಬ ರಾಜ್ಯದಲ್ಲಿ ಛೇದಕೇತು ಎಂಬ ಮಾಂತ್ರಿಕನಿದ್ದ. ತನಗೆ ಎದುರಾಡಿದವರನ್ನೆಲ್ಲ ಅಕ್ಷರ ಮಾಡಿ ಬಂಡೆಗೆ ಅಂಟಿಸಿಬಿಡುವುದು ಅವನ ಕೆಲಸ. ತಾಯಿಯಿಲ್ಲದ ಮಾಚಿಯನ್ನು ಸಾಕಿ ಬೆಳೆಸಿದ ಅಕ್ಕ ಅಚ್ಚಬ್ಬೆಗೆ ಬಾಯಿ ಸ್ವಲ್ಪ ಜೋರು. ಒಂದು ದಿನ ಅವಳೂ ‘ಅ’ ಆಗಿಹೋದಳು.

ಮಾಚಿ ಅಳುತ್ತ ಬಂಡೆಯ ಬಳಿಗೆ ಓಡಿದಳು. ಬಂಡೆಯ ನಡುವೆ ಒಂದು ಗೆರೆ. ಗೆರೆಯ ಮೇಲೆ ‘ಅ × ಅ + ೨ × ಅ’, ಕೆಳಗೆ ‘ಅ + ೨’. ಇದರಲ್ಲಿ ಅಕ್ಕ ಯಾವುದು? ಹುಡುಗಿಗೆ ತಲೆಬುಡ ತಿಳಿಯಲಿಲ್ಲ.

ಛೇದಕೇತು ಅವಳ ಕೈಗೊಂದು ಉಳಿ ಕೊಟ್ಟ. “ಮೇಲೆ ಕೆಳಗೆ ಒಂದೇ ಇದ್ದರೆ ಹೊಡೆದುಹಾಕು. ಗೆರೆ ಅಳಿದು ‘ಅ’ ಒಂದೇ ನಿಂತರೆ ನಿನ್ನಕ್ಕ ನಿನಗೆ. ಮೂರು ಸಲ ನೋಡು. ಮೂರರಲ್ಲೂ ತಪ್ಪಿದರೆ ನೀನು ‘ಮ’!”

ಮೇಲೊಂದು ಅ, ಕೆಳಗೊಂದು ಅ. ಇನ್ನೇನು ಬೇಕು? ಮಾಚಿ ಫಟ್ಟನೆ ಎರಡನ್ನೂ ಹೊಡೆದಳು. ಮೇಲೆ ‘ಅ + ೨ × ಅ’ ಉಳಿಯಿತು, ಕೆಳಗೆ ‘೨’. ಮೂರು ಅಕ್ಕಂದಿರನ್ನು ಎರಡು ಪಾಲು ಮಾಡಿದ ಹಾಗಾಗಿ ಬಂಡೆಯಿಂದ ಒಂದೂವರೆ ಅಕ್ಕ ಹೊರಬಂದರು.

“ಇದ್ಯಾರೇ ಇದು?” ಎಂದಳು ಇಡೀ ಅಕ್ಕ. ಅರ್ಧ ಅಕ್ಕನಿಗೆ ಕಾಲು ಮಾತ್ರ ಇತ್ತು, ಒದ್ದಳು. ಗೆರೆ ಅಲುಗಲಿಲ್ಲ. ಛೇದಕೇತು ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದೂವರೆಯೂ ಬಂಡೆಯೊಳಕ್ಕೆ ಹೋಗಿ, ಮೊದಲಿದ್ದ ಅಕ್ಷರಗಳೇ ಮತ್ತೆ ಮೂಡಿದವು.

ಎರಡನೆಯ ಸಲ ಮಾಚಿ ಅ-ಗೆ ಅ ಹೊಡೆದು, ೨ಕ್ಕೆ ೨ನ್ನೂ ಹೊಡೆದಳು. ‘ಅ + ಅ’ ಉಳಿಯಿತು. ಈಗ ಇಬ್ಬರು ಅಕ್ಕಂದಿರು! ಒಬ್ಬೊಬ್ಬರು ಒಂದೊಂದು ಕೈ ಹಿಡಿದು “ಬಾರೇ ಮನೆಗೆ” ಎಂದು ಎಳೆದರು.

“ನನ್ನಕ್ಕ ಯಾರು?”

“ನಾನೇ!” ಎಂದರು ಇಬ್ಬರೂ.

ಮಾಚಿಗೆ ಅಳಬೇಕೋ ನಗಬೇಕೋ ತೋಚಲಿಲ್ಲ. ಗೆರೆ ಮಾತ್ರ ಹಾಗೇ ಇತ್ತು. ಇಬ್ಬರೂ ಮಾಯವಾದರು.

ಇನ್ನೊಂದೇ ಸಲ. ಮಾಚಿ ಕೆಳಗಿನ ‘ಅ + ೨’ನ್ನೇ ಕಣ್ಣು ಕೀಲಿಸಿ ನೋಡಿದಳು. ‘ಇವರಿಬ್ಬರೂ ಕೈ ಕೈ ಹಿಡಿದು ನಿಂತಿದ್ದಾರೆ. ಬಿಡಿಬಿಡಿಯಾಗಿ ಹೊಡೆದದ್ದಕ್ಕೇ ಹೀಗಾಯಿತೋ ಏನೋ. ಹೊಡೆದರೆ ಜೋಡಿಯನ್ನೇ ಹೊಡೆಯಬೇಕು. ಆದರೆ ಮೇಲೆ ಆ ಜೋಡಿ ಎಲ್ಲಿದೆ?’ ಮತ್ತೆ ಗೊಂದಲ. ಮೇಲಿನ ಎರಡು ಕಡೆಯೂ ಅ ಗುಣಿಸಿಕೊಂಡು ಕೂತಿದೆ. ಎರಡು ಸಲ ಯಾಕೆ? ಒಂದೇ ಸಲ ಹೊರಗಿಟ್ಟರೆ? ಉಳಿಯಿಂದ ಕೆತ್ತಿದಳು: ‘ಅ × (ಅ + ೨)’.

“ಅಯ್ಯೋ, ಇಲ್ಲೇ ಇದೆಯಲ್ಲ ಜೋಡಿ!”

“ಏ, ಅದನ್ನು ಮುಟ್ಟಬೇಡ!” ಎಂದು ಛೇದಕೇತು ಕಿರುಚಿದ.

ಮಾಚಿ ಮೇಲಿನ ಜೋಡಿಗೆ ಕೆಳಗಿನ ಜೋಡಿಯನ್ನು ಹೊಡೆದಳು. ‘ಅ’ ಒಂದೇ ನಿಂತಿತು, ಗೆರೆ ಅಳಿಯಿತು. ಮಾಂತ್ರಿಕನ ಪ್ರಾಣ ಇದ್ದದ್ದೇ ಆ ಗೆರೆಯಲ್ಲಿ, ಅವನೂ ಅಳಿದುಹೋದ. ಬಂಡೆಗಳ ಮೇಲಿದ್ದ ಅಕ್ಷರಗಳೆಲ್ಲ ಮನುಷ್ಯರಾಗಿ ಮೈ ಕೊಡವಿಕೊಂಡು ಎದ್ದರು.

ಅಚ್ಚಬ್ಬೆಯೂ ಬಂದಳು. ಮಾಚಿ ತಬ್ಬಿಕೊಳ್ಳಲಿಲ್ಲ. ಅವಳ ಸುತ್ತ ಒಂದು ಸುತ್ತು ಬಂದು ಬೆನ್ನ ಹಿಂದೆ ಇಣುಕಿದಳು.

“ಏನೇ ಅದು, ಇಣುಕಿ ನೋಡ್ತಿದ್ದೀಯ?”

“ಇನ್ನೂ ಯಾರಾದರೂ ಇದ್ದಾರಾ ಅಂತ.”

“ಯಾಕೆ, ನಾನೊಬ್ಬಳು ಸಾಲದೇನೇ ನಿನಗೆ?”

ಆ ಗದರಿಕೆ ಕೇಳಿದ್ದೇ ತಡ, ಮಾಚಿ ಅಕ್ಕನ ಕೊರಳಿಗೆ ಜೋತುಬಿದ್ದು ಗಳಗಳನೆ ಅತ್ತಳು. “ಸಾಕು ಕಣಕ್ಕ, ಒಬ್ಬಳೇ ಸಾಕು.”

ಗೀಟೂರಿನ ಜನರೆಲ್ಲ ಅಂದಿನಿಂದ ಯಾರ ಗೆರೆಗೂ ಸಿಕ್ಕದೆ ಇಡಿಯಾಗಿ, ಸುಖವಾಗಿ ಬಾಳಿದರು.