ಎರಡು ಸಾವಿರ ಮೈಲಿ

ಹಳೇ ಫಿಲ್ಟರನ್ನು ಕಣ್ಣಾರೆ ನೋಡದೆ ಹೊಸದನ್ನು ಮಾರಬಾರದು. ಇದು ನಮ್ಮಪ್ಪ ಅಶ್ವತ್ಥಪ್ಪನವರ ಕಾನೂನು. ಬಂಗಾರಪೇಟೆ ಸ್ಟೇಷನ್ ರಸ್ತೆಯ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಯಾರೇ ಬರಲಿ, ಇಂಜಿನ್ನಿನಿಂದ ಬಿಚ್ಚಿದ, ಎಣ್ಣೆ ಸೋಸುವ ಆಯಿಲ್ ಫಿಲ್ಟರನ್ನು ಮೊದಲು ಮೇಜಿನ ಮೇಲಿಡಬೇಕು. ಅಳತೆ ಸರಿಹೋಗುತ್ತದೆ, ಇಂಜಿನ್ನಿನ ಆರೋಗ್ಯವೂ ಗೊತ್ತಾಗುತ್ತದೆ. ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಗಲ್ಲಾದ ಮುಂದೆ ನಾನು ಕೂತೆ. ಕಾನೂನು ಹಾಗೇ ಉಳಿಯಿತು.

ಅರವತ್ತಮೂರನೇ ಇಸವಿ, ಸಂಕ್ರಾಂತಿ ಕಳೆದ ಹೊಸತು. ಅವನು ಕೈ ಬೀಸಿಕೊಂಡು ಬಂದ.

"ವ್ಯಾನಿಗೊಂದು ಆಯಿಲ್ ಫಿಲ್ಟರ್ ಕೊಡಮ್ಮಾ."

"ಅಳೇದೆಲ್ಲಿ?"

"ಇಂಜಿನ್ನಲ್ಲೈತೆ."

"ಓಗಿ ಬಿಚ್ಕೊಂಡ್ ಬನ್ನಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಸುಮ್ಮನಿರುವವಳೇ? ನಾನೂ ನೋಡಿದೆ. ಗುಂಗುರು ಕೂದಲು, ಮೊಣಕೈವರೆಗೆ ಮಡಿಸಿದ ತೋಳು, ನಗು ತಡೆದುಕೊಂಡಂತಿದ್ದ ತುಟಿ. ಕೋಪ ಮಾಡಿಕೊಳ್ಳಲು ಸ್ವಲ್ಪ ಕಷ್ಟವೇ ಆಯಿತು.

"ಒಸದು ಕೊಳ್ಳಾಕೆ ಅಳೇದ್ಯಾಕೆ? ಸೀರೆ ಅಂಗ್ಡೀಲಿ ಅಳೇ ಸೀರೆ ಕೇಳ್ತಾರಾ?"

"ಅಂಗಾದ್ರೆ ಸೀರೆ ಅಂಗ್ಡೀಲೇ ಓಗಿ ಫಿಲ್ಟರ್ ಕೇಳಿ."

ಒಳಗಿನ ಬೆಂಚಿನಲ್ಲಿ ಕೂತಿದ್ದ ಅಪ್ಪ ಜೋರಾಗಿ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

ಸಂಜೆ ಅವನು ಮತ್ತೆ ಬಂದ. ಪೇಪರಿನಲ್ಲಿ ಸುತ್ತಿದ ಫಿಲ್ಟರ್ ತೊಟ್ಟಿಕ್ಕುತ್ತಿತ್ತು. ಬಿಚ್ಚಿದರೆ ಸೀಮೆಎಣ್ಣೆ ವಾಸನೆ! ಒಳಗಿನ ಕಾಗದ ನೆನೆದು ಹರಿದಿತ್ತು.

"ತೊಳೆದ್ರಾ ಇದನ್ನ?"

"ಎಲ್ರೂ ತೊಳೀತಾರೆ."

ನಿಜ, ಚಿನ್ನದ ಗಣಿ ಕಡೆಯ ಡ್ರೈವರುಗಳೆಲ್ಲ ತೊಳೆಯುತ್ತಿದ್ದರು. ಮೊದಲು ಬರುತ್ತಿದ್ದದ್ದು ಬಟ್ಟೆಯ ಫಿಲ್ಟರು. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಗೋಡೆ ಮೇಲೆ ಒಣಗಿಸಿ ಮತ್ತೆ ಹಾಕಿದರೆ ನಡೆಯುತ್ತಿತ್ತು. ಕಾಗದದ ಫಿಲ್ಟರು ಬಂದ ಮೇಲೂ ಕೈ ಹಳೇ ಅಭ್ಯಾಸ ಬಿಡಲಿಲ್ಲ.

"ಕಾಗದಾನ ಯಾರಾದ್ರೂ ಒಗೀತಾರೇನ್ರೀ? ಅರಿದ ಕಡೆಯಿಂದ ಕೊಳೆಯೆಲ್ಲ ಸೀದಾ ಬೇರಿಂಗಿಗೆ ಓಗತ್ತೆ. ಈಗ್ಲಾದ್ರೂ ಬಂದ್ರಲ್ಲ, ನಿಮ್ ವ್ಯಾನಿನ ಪುಣ್ಯ."

ಮೂರು ಫಿಲ್ಟರುಗಳನ್ನು ಅವನ ಮುಂದಿಟ್ಟೆ. ಅವನು ಥಳಥಳ ಹೊಳೆಯುವ ಪೆಟ್ಟಿಗೆಗೆ ಕೈ ಹಾಕಿದ. ಎಲ್ಲ ಗಂಡಸರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ.

"ಪೆಟ್ಟಿಗೆ ಬಣ್ಣ ನೋಡ್ಬೇಡಿ. ಕಾಗದದ ಮಡಿಕೆ ನೋಡಿ. ಒತ್ತೊತ್ತಾಗಿ, ಒಂದೇ ಸಮ ಇರ್ಬೇಕು. ಮಡಿಕೆ ಜಾಸ್ತಿ ಇದ್ರೆ ಕೊಳೆ ಜಾಸ್ತಿ ಇಡಿಯತ್ತೆ. ಎರಡು ತುದೀಲೂ ಅಂಟು ಬಿಟ್ಟಿರ್ಬಾರ್ದು. ಈ ರಬ್ಬರ್ ವಾಷರ್ ಅಮುಕಿ... ಮೆತ್ತಗೆ ಓಗಿ ವಾಪಸ್ ಬಂತಾ? ಗಟ್ಟಿ ಇದ್ರೆ ಎಣ್ಣೆ ಸಂದೀಲಿ ನುಸುಳ್ಕೊಂಡ್ ಓಗತ್ತೆ. ಆಮೇಲೆ ಬೆಳಕಿಗೆ ಇಡೀಬೇಕು, ಎಲ್ಲೂ ತೂತು ಕಾಣ್ಬಾರ್ದು."

ಅವನು ತಲೆಯಾಡಿಸುತ್ತಿದ್ದ. ಕಣ್ಣು ಮಾತ್ರ ಫಿಲ್ಟರಿನ ಮೇಲಿರಲಿಲ್ಲ, ನನ್ನ ಬೆರಳುಗಳ ಮೇಲಿತ್ತು.

"ಏನ್ ಏಳ್ದೆ, ಏಳಿ ನೋಡಣ."

"ಬೆಳಕಿಗೆ ಇಡೀಬೇಕು."

"ಇಡುದ್ರೆ?"

ಅವನು ಫಿಲ್ಟರನ್ನು ದುರ್ಬೀನಿನಂತೆ ಕಣ್ಣಿಗೆ ಹಿಡಿದ. ನಡುವಿನ ಕೊಳವೆಯ ಆಚೆ ತುದಿಯಲ್ಲಿ ಅವನ ಒಂದು ಕಣ್ಣು, ಅದರೊಳಗೆ ತುಂಟತನ.

"ನೀವ್ ಕಾಣ್ತೀರಿ," ಅಂದ.

ಹೆಸರು ಮುನಿಶಾಮಿ. ಮನೆ ಗಣಿಯೂರು ಚಾಂಪಿಯನ್ ರೀಫ್ಸಿನಲ್ಲಿ. ತಂದೆ ಗಣಿಯಲ್ಲಿ ಕೆಲಸ ಮಾಡಿ ತೀರಿಕೊಂಡವರು, ತಾಯಿ ಪೆದ್ದಮ್ಮ ನಮ್ಮ ಬಂಗಾರಪೇಟೆ ಪಕ್ಕದ ಹಳ್ಳಿಯವರು. ಹಳೇ ವ್ಯಾನಿನಲ್ಲಿ ಇಲ್ಲಿಂದ ಆಂಡರ್ಸನ್‌ಪೇಟೆಗೆ ತರಕಾರಿ ಸಾಗಿಸುತ್ತಾನೆ. ಇಷ್ಟನ್ನೂ ಅವನನ್ನು ಕೇಳಿ ತಿಳಿದುಕೊಂಡದ್ದು ಅಪ್ಪ. ನಾನು ಬೇರೆಲ್ಲೋ ನೋಡುತ್ತ ಒಂದಕ್ಷರ ಬಿಡದೆ ಕೇಳಿಸಿಕೊಂಡೆ.

ಒಳ್ಳೇ ಫಿಲ್ಟರನ್ನೇ ಕೊಟ್ಟು ಕಳಿಸಿದೆ. ಎರಡು ಸಾವಿರ ಮೈಲಿಗೆ ಬದಲಾಯಿಸಿದರೆ ಸಾಕು, ಅವನ ಓಡಾಟಕ್ಕೆ ಮೂರು ತಿಂಗಳ ಮೇಲೇ ಬರುತ್ತದೆ ಅಂದೆ. ಅಂದ ಮೇಲೆ ಬೆರಳು ಮಡಿಸಿ ಎಣಿಸಿದೆ. ಮೂರು ತಿಂಗಳು!

ಅವನು ತಿಂಗಳೊಳಗೇ ಬಂದ. ನಾನು ಏನೂ ಕೇಳದೆ ಹೊಸದು ಕೊಟ್ಟೆ. ಮತ್ತೆ ಹದಿನೈದು ದಿನಕ್ಕೆ ಬಂದ. ಆಗಲೂ ಕೇಳಲಿಲ್ಲ. ಫಿಲ್ಟರ್ ಇಲ್ಲದೆ ಬಂದು ನಿಲ್ಲಲು ನಮ್ಮದೇನು ಕಾಫಿ ಹೋಟೆಲಲ್ಲ, ಪ್ರಾಯದ ಹುಡುಗಿ ಕೂತ ಅಂಗಡಿ. ಬೀದಿಯ ಕಣ್ಣೆಲ್ಲ ಇತ್ತ ಕಡೆಗೇ ಇರುತ್ತಿತ್ತು. ಅವನಿಗೆ ಬರಲು ಒಂದು ನೆವ ಬೇಕಿತ್ತು. ನನಗೆ ಅವನು ಬರುವುದು ಬೇಕಿತ್ತು.

ಮೂರನೇ ಸಲ ಅವನು ತಂದ ಫಿಲ್ಟರ್ ಮೇಜಿನ ಮೇಲೆ ಉಳಿದಿತ್ತು. ಅವನು ಅತ್ತ ಹೋದ ಮೇಲೆ ಅಪ್ಪ ಅದನ್ನು ತಡವಿದರು. ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಸುಟ್ಟ ವಾಸನೆ ಇರಲಿಲ್ಲ. ಎಣ್ಣೆ ಇನ್ನೂ ಜೇನಿನ ಬಣ್ಣದಲ್ಲೇ ಇತ್ತು, ಕಪ್ಪು ಹಿಡಿದಿರಲೇ ಇಲ್ಲ.

"ಇದು ಒಸದಲ್ವೇನಮ್ಮಾ?"

ನಾನು ಗಲ್ಲಾದ ಚಿಲ್ಲರೆ ಎಣಿಸತೊಡಗಿದೆ.

"ಬೇಡದೋರಿಗೆ ಮಾರುದ್ರೆ ಅದು ಯಾಪಾರ ಅಲ್ಲ ರತ್ನಾ, ಮೋಸ," ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮುಂದಿನ ಸಲ ಅವನು ಮೆಟ್ಟಿಲು ಹತ್ತುತ್ತಿದ್ದ ಹಾಗೇ ತಡೆದೆ. ಕೈಯಲ್ಲಿ ಮತ್ತದೇ ಪೇಪರಿನ ಪೊಟ್ಟಣ. ನನ್ನನ್ನು ನೋಡಿ ಅವನ ಮುಖ ಅರಳಿತು. ಅಯ್ಯೋ, ಆ ಮುಖಕ್ಕೆ ನಾನು ಹೇಳಬೇಕಾಗಿದ್ದದ್ದೇನು!

"ಮೀಟರಲ್ಲಿ ಎರಡು ಸಾವಿರ ಮೈಲಿ ಆಗೋ ತನ್ಕ ಈ ಮೆಟ್ಲು ಅತ್ತಬೇಡಿ."

"ಅತ್ತುದ್ರೆ?"

"ಕೊಡಲ್ಲ. ನಮ್ಮಪ್ಪನ ಅಂಗ್ಡಿಗೆ ಒಂದು ಎಸರೈತೆ."

ಅವನ ನಗು ಮೆಲ್ಲಗೆ ಆರಿತು. "ಎರಡು ಸಾವಿರ ಆದ್ರೆ ಬರಬೋದಾ?"

"ಆಗ ಬರ್ಲೇಬೇಕು. ಇಲ್ಲಾಂದ್ರೆ ಇಂಜಿನ್ ಕೆಡತ್ತೆ."

"ಸರಿ," ಅಂದ. ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಇಳಿದುಹೋದ. ತಿರುಗಿ ನೋಡಲಿಲ್ಲ.

ಆಮೇಲೆ ನನ್ನ ಕಿವಿ ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಮಾರಿಕುಪ್ಪಮ್ ರೈಲು ಬರಲಿ ಹೋಗಲಿ, ಎತ್ತಿನಗಾಡಿ ಗಡಗಡಿಸಲಿ, ಅದು ಹುಡುಕುತ್ತಿದ್ದದ್ದು ಒಂದೇ ವ್ಯಾನಿನ ಸದ್ದು. ಸೆಕೆಂಡ್ ಗೇರಿಗೆ ಬಿದ್ದಾಗ ಅದು ಗೊರ್ ಎಂದು ಒಂದು ಸಲ ಮುನಿಸಿಕೊಳ್ಳುತ್ತಿತ್ತು. ಅದು ಕೇಳಿಸಲಿಲ್ಲ. ತರಕಾರಿ ಹೇರಿಕೊಂಡು ದಿನಾ ನಮ್ಮ ಬೀದಿಯಲ್ಲೇ ಹಾಯುತ್ತಿದ್ದವನು ಹಾಯುವುದನ್ನೂ ನಿಲ್ಲಿಸಿದ್ದ.

ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವ ನೆಪದಲ್ಲಿ ಪಾಪಕ್ಕನನ್ನು ಕೇಳಿದೆ. ಅವನ ವ್ಯಾನಿಗೆ ತರಕಾರಿ ಹಾಕುತ್ತಿದ್ದವಳು ಅವಳೇ.

"ನಿಮ್ ಮೂಟೆ ಈಗ ಯಾರ್ ಸಾಗಿಸ್ತಾರೆ ಪಾಪಕ್ಕಾ?"

"ಬ್ಯಾರೇವ್ರು ಕಣಮ್ಮಾ. ಆ ಮುನಿಶಾಮಿ ಮದ್ರಾಸಿಗೆ ಓಗ್ತವ್ನೆ, ಮಾವಿನಣ್ಣಿನ ಲೋಡು. ಮದ್ರಾಸ್ ರುಚಿ ಕಂಡೋನು ಈ ಧೂಳಿಗೆ ಇನ್ಯಾಕ್ ಬತ್ತಾನೆ?"

ಬದನೆಕಾಯಿ ಅಲ್ಲೇ ಬಿಟ್ಟು ಬಂದೆ.

ಅವನಿಗೆ ಅಲ್ಲೇ ಮದ್ರಾಸಿನಲ್ಲಿ ಒಬ್ಬ ಫಿಲ್ಟರಿನವನು ಸಿಗುತ್ತಾನೆ. ಹಳೇದು ಕೇಳುವುದಿಲ್ಲ, ಜಗಳ ಆಡುವುದಿಲ್ಲ, ಥಳಥಳ ಪೆಟ್ಟಿಗೆ ಕಟ್ಟಿ ಕೊಡುತ್ತಾನೆ. ಹಾಗೆ ಅನ್ನಿಸಿದಾಗ ಅಳು ಬಂತು. ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ಒಂದು ಫಿಲ್ಟರನ್ನು ಕಣ್ಣಿಗೆ ಹಿಡಿದು ನೋಡಿದೆ. ಕೊಳವೆಯ ಆಚೆ ಖಾಲಿ ಬೀದಿ, ಬಿಸಿಲು. ನನಗೆ ಅವನು ಬೇಕಾಗಿದ್ದ. ಬರಬೇಡ ಅಂದವಳೂ ನಾನೇ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮಾವಿನ ಸುಗ್ಗಿ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಬೀದಿಯ ತುದಿಯಲ್ಲಿ ಗೊರ್ ಎಂದಿತು.

ನಾನು ಎದ್ದೆ. ಕೂತೆ. ಸೆರಗು ಸರಿಮಾಡಿಕೊಂಡೆ. ಮತ್ತೆ ಎದ್ದೆ.

ಅವನು ಮೆಟ್ಟಿಲ ಕೆಳಗೆ ನಿಂತಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಇಳಿದುಹೋಗಿದ್ದ. ಕೈಯಲ್ಲಿ ತಮಿಳು ಪೇಪರಿನ ಪೊಟ್ಟಣ.

"ಅತ್ತಬೋದಾ?"

"ಇನ್ನೂ ಮೂರು ತಿಂಗ್ಳು ಆಗಿಲ್ಲ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನೀವ್ ಏಳಿದ್ದು ಮೈಲಿ. ಬಂದು ಮೀಟರ್ ನೋಡಿ."

ಬೀದಿ ನೋಡಿದರೆ ನೋಡಲಿ ಅಂದುಕೊಂಡು ಇಳಿದು ಹೋಗಿ ವ್ಯಾನಿನೊಳಗೆ ಇಣುಕಿದೆ. ಮಾವಿನಹಣ್ಣಿನ ವಾಸನೆ ಮುಖಕ್ಕೆ ಬಡಿಯಿತು. ಫಿಲ್ಟರ್ ಹಾಕಿದ ದಿನದ ಅಂಕಿಯನ್ನು ಅವನು ಮೀಟರಿನ ಪಕ್ಕ ಸೀಮೆಸುಣ್ಣದಲ್ಲಿ ಬರೆದಿದ್ದ; ಕಳೆದು ನೋಡಿದರೆ ಎರಡು ಸಾವಿರ ದಾಟಿ ಸ್ವಲ್ಪ ಮೇಲೇ ಆಗಿತ್ತು. ಪೊಟ್ಟಣ ಬಿಚ್ಚಿದೆ. ಮಡಿಕೆಗಳ ತುಂಬ ಒಂದೇ ಸಮನಾದ ಕಪ್ಪು. ಬೆರಳಾಡಿಸಿ ನೋಡಿದೆ, ಲೋಹದ ಹೊಳಪು ಎಲ್ಲೂ ಇಲ್ಲ. ಸರಿಯಾದ ಹೊತ್ತಿಗೆ ತೆಗೆದ ಫಿಲ್ಟರು. ಇಂಜಿನ್ ಚೆನ್ನಾಗಿತ್ತು.

"ಅಷ್ಟು ದೂರ ಯಾಕೆ ಓದ್ರಿ? ಒಂದ್ ಮಾತೂ ಏಳ್ದೆ?"

"ಆಂಡರ್ಸನ್‌ಪೇಟೆಗೆ ಓಡಿಸ್ಕೊಂಡಿದ್ರೆ ಎರಡು ಸಾವಿರ ಆಗೋದು ಯಾವಾಗ? ದೂರ ಓದಷ್ಟೂ ಬೇಗ ನಿಮ್ಮತ್ರ ಬರಬೋದು ಅನ್ನಿಸ್ತು. ಅದ್ಕೇ ಓದೆ, ರತ್ನಾ."

ಮೊದಲ ಸಲ ನನ್ನ ಹೆಸರು ಅವನ ಬಾಯಲ್ಲಿ ಬಂತು. ನಾನು ವ್ಯಾನಿನ ಬಾಗಿಲು ಹಿಡಿದುಕೊಂಡೆ.

"ನನ್ಗೆ ನೀವು ಬೇಕು," ಅಂದ. "ಅದನ್ನ ಏಳಾಕೂ ಫಿಲ್ಟರ್ ಕೆಡ್ಬೇಕಾಯ್ತು."

"ನಾನೂ ದಿನಾ ಕಾಯ್ತಿದ್ದೆ," ಅಂದುಬಿಟ್ಟೆ. ಬೀದಿಯೆಲ್ಲ ಕೇಳಿಸಿಕೊಂಡಿರಬೇಕು.

ಅಪ್ಪ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದರು. ಕೈ ಚಾಚಿದರು. ಹಳೇ ಫಿಲ್ಟರನ್ನು ಅವರ ಕೈಗಿಟ್ಟೆ. ತಡವಿದರು, ಮೂಸಿದರು, ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರು.

"ಇದು ನ್ಯಾಯವಾಗಿ ಓಡೈತೆ," ಅಂದರು. ಆಮೇಲೆ ಅವನ ದನಿ ಬಂದ ಕಡೆಗೆ ಮುಖ ಮಾಡಿ, "ನೋಡಪ್ಪಾ, ಫಿಲ್ಟರಿಗಾದ್ರೆ ಮೈಲಿ ನೋಡ್ಕೊಂಡ್ ಬಾ. ನನ್ ಮಗಳನ್ನ ಕೇಳಾಕಾದ್ರೆ ನಿಮ್ಮವ್ವನ್ನ ಕರ್ಕೊಂಡ್ ಬಾ," ಅಂದರು.

ಮುನಿಶಾಮಿ ನಿಂತಲ್ಲೇ ಕಕ್ಕಾಬಿಕ್ಕಿಯಾದ. ನಾನು ಒಳಗೆ ಹೋಗಿ ಒಂದು ಫಿಲ್ಟರ್ ಆರಿಸಿದೆ. ಮಡಿಕೆ ನೋಡಿದೆ, ವಾಷರ್ ಅಮುಕಿದೆ, ಬೆಳಕಿಗೆ ಹಿಡಿದೆ. ಸಾಲದೆಂದು ಇನ್ನೊಂದು ಸಲ ಹಿಡಿದೆ. ತಂದು ಅವನ ಕೈಗಿಟ್ಟೆ. ಅವನ ಬೆರಳು ಫಿಲ್ಟರಿನ ಜೊತೆಗೆ ನನ್ನ ಬೆರಳನ್ನೂ ಹಿಡಿದುಕೊಂಡಿತು. ನಾನು ಬಿಡಿಸಿಕೊಳ್ಳಲಿಲ್ಲ.

"ಇದು ಎಷ್ಟು ಮೈಲಿ ಬತ್ತದೆ?" ಅಂದ.

"ಚಾಂಪಿಯನ್ ರೀಫ್ಸಿಗೆ ಓಗಿ ನಿಮ್ಮವ್ವನ್ನ ಕರ್ಕೊಂಡ್ ಬರಾಕೆ ಸಾಕು," ಅಂದೆ. "ಬೇಗ ಓಗಿ."